ವಿಜ್ಞಾನದಲ್ಲಿ ಎಲ್ಲರಿಗಿಂತ ದೊಡ್ಡೋರು ಯಾರು ಅಂತ ಕೇಳ್ತೀರಲ್ಲ, ನನ್ನ ಉತ್ತರ ಓಲ್ಡನ್‌ಬರ್ಗ್

ನಾನು ವಿಜ್ಞಾನದ ಇತಿಹಾಸದ ಬಗ್ಗೆ ಬರೀತೀನಿ ಅಂತ ಗೊತ್ತಾದ ತಕ್ಷಣ ಸುಮಾರು ಜನ ಕೇಳೋದು ಒಂದೇ ಪ್ರಶ್ನೆ, ನಿಮ್ಮ ಪ್ರಕಾರ ಎಲ್ಲರಿಗಿಂತ ಹೆಚ್ಚು ಪ್ರಭಾವ ಬೀರಿದ ವ್ಯಕ್ತಿ ಯಾರು, ಒಂದೇ ಹೆಸರು ಹೇಳಿ ಅಂತ. ಕೇಳೋರ ಮನಸ್ಸಲ್ಲಿ ನ್ಯೂಟನ್, ಡಾರ್ವಿನ್, ಐನ್‌ಸ್ಟೈನ್ ಇವರಲ್ಲಿ ಒಬ್ಬರು ಆಗ್ಲೇ ಇರ್ತಾರೆ. ನಾನು ಹೇಳೋ ಹೆಸರು ಹೆನ್ರಿ ಓಲ್ಡನ್‌ಬರ್ಗ್. ಅವನು ಯಾವ ನಿಯಮಾನೂ ಕಂಡುಹಿಡೀಲಿಲ್ಲ, ಅವನ ಹೆಸರಲ್ಲಿ ಒಂದು ಸೂತ್ರ ಇಲ್ಲ, ಒಂದು ಉಪಕರಣ ಇಲ್ಲ. ಲಂಡನ್ನಿನ ರಾಯಲ್ ಸೊಸೈಟಿ ಅನ್ನೋ ವಿಜ್ಞಾನಿಗಳ ಸಂಘಕ್ಕೆ ಸೆಕ್ರೆಟರಿ ಆಗಿದ್ದ, ಕೆಲಸ ಅಂದ್ರೆ ಕಾಗದ ಬರೆಯೋದು, ಬಂದ ಕಾಗದ ಓದಿ ಹೇಳೋದು. ಆದ್ರೂ ಚೆನ್ನಾಗಿ ಯೋಚನೆ ಮಾಡಿಯೇ ಈ ಹೆಸರು ಹೇಳ್ತೀನಿ.

ಅವನು ಜರ್ಮನಿಯ ಬ್ರೆಮೆನ್ ಊರಿನವನು. 1653ರಲ್ಲಿ ತನ್ನ ಊರಿನ ಪರವಾಗಿ ಮಾತುಕತೆಗೆ ಅಂತ ಇಂಗ್ಲೆಂಡಿಗೆ ಬಂದ, ಆಮೇಲೆ ವಿಜ್ಞಾನಿ ರಾಬರ್ಟ್ ಬಾಯ್ಲ್‌ನ ಅಕ್ಕನ ಮಗನಿಗೆ ಮೇಷ್ಟ್ರಾಗಿ ಯುರೋಪೆಲ್ಲಾ ಸುತ್ತಿದ, ಹೋದಲ್ಲೆಲ್ಲ ಓದಿಕೊಂಡವರ ಪರಿಚಯ ಮಾಡಿಕೊಂಡ, ನಾಲ್ಕಾರು ಭಾಷೆ ಬರ್ತಿತ್ತು. 1660ರ ನವೆಂಬರ್‌ನಲ್ಲಿ ರಾಯಲ್ ಸೊಸೈಟಿ ಶುರುವಾಯ್ತು, 1662ರಲ್ಲಿ ರಾಜನ ಸನ್ನದು ಸಿಕ್ತು, ಇವನು ಸೆಕ್ರೆಟರಿ ಆದ. ಎಷ್ಟೋ ವರ್ಷ ಸಂಬಳಾನೇ ಇರ್ಲಿಲ್ಲ.

ಆ ಕಾಲದಲ್ಲಿ ಹೊಸದೇನಾದ್ರೂ ಕಂಡುಹಿಡಿದವರಿಗೆ ಇದ್ದ ಭಯ ಅರ್ಥ ಆದ್ರೆ ಇವನ ಬೆಲೆ ಗೊತ್ತಾಗುತ್ತೆ. ಹೇಳಿದ್ರೆ ಇನ್ನೊಬ್ಬ ಕದ್ದುಬಿಡ್ತಾನೆ, ಹೇಳದೇ ಇದ್ರೆ ಇನ್ನೊಬ್ಬ ಮೊದಲು ಕಂಡುಹಿಡಿದು ತನ್ನದು ಅಂತಾನೆ. ಅದಕ್ಕೆ ಗುಟ್ಟಾಗಿ ಹೇಳೋ ಅಭ್ಯಾಸ ಬೆಳೆದಿತ್ತು. ಅದೇ ಸೊಸೈಟಿಯ ವಿಜ್ಞಾನಿ ರಾಬರ್ಟ್ ಹುಕ್ ಎಂಥಾ ಬುದ್ಧಿವಂತ, ಅವನೇ 1676ರಲ್ಲಿ ತನ್ನ ಸ್ಪ್ರಿಂಗ್ ನಿಯಮಾನ ಒಂದು ಲ್ಯಾಟಿನ್ ವಾಕ್ಯ ಮಾಡಿ, ಅದರ ಅಕ್ಷರಗಳನ್ನೆಲ್ಲ ಬಿಡಿಸಿ ಅಕಾರಾದಿಯಾಗಿ ಜೋಡಿಸಿ ಪ್ರಿಂಟ್ ಮಾಡ್ಸಿದ, ಯಾರಿಗೂ ತಲೆಬುಡ ಅರ್ಥ ಆಗಲ್ಲ. ಅರ್ಥ ಬಿಡಿಸಿ ಹೇಳಿದ್ದು 1678ರಲ್ಲಿ. ಇಂಥಾ ಜನರ ಮಧ್ಯೆ ಓಲ್ಡನ್‌ಬರ್ಗ್ ಮಾಡಿದ ಉಪಾಯ ಸರಳ: ನೀನು ನನಗೆ ಕಾಗದ ಬರಿ, ಬಂದ ತಾರೀಕು ಹಾಕಿ ಸಭೆಯಲ್ಲಿ ಓದ್ತೀವಿ, ದಾಖಲೆ ಮಾಡ್ತೀವಿ, ಪ್ರಿಂಟ್ ಮಾಡ್ತೀವಿ, ಅಲ್ಲಿಗೆ ಅದು ನಿನ್ನದು. ಮುಚ್ಚಿಡೋದಕ್ಕಿಂತ ಹೇಳೋದೇ ಲಾಭ ಅಂತ ಜನಕ್ಕೆ ಅನ್ನಿಸೋ ಹಾಗೆ ಮಾಡಿದ, ನನ್ನ ಪ್ರಕಾರ ಆಧುನಿಕ ವಿಜ್ಞಾನ ನಿಂತಿರೋದೇ ಇದರ ಮೇಲೆ.

1665ರ ಮಾರ್ಚ್ 6ಕ್ಕೆ 'ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್' ಮೊದಲ ಸಂಚಿಕೆ ಬಂತು, ದುಡ್ಡು ಸೊಸೈಟೀದಲ್ಲ, ಇವನದೇ. ಪ್ಯಾರಿಸ್‌ನಲ್ಲಿ ಎರಡು ತಿಂಗಳು ಮೊದಲೇ ಒಂದು ಪತ್ರಿಕೆ ಶುರುವಾಗಿತ್ತು ನಿಜ, ಆದ್ರೆ ಅದರಲ್ಲಿ ಕಾನೂನು, ಧರ್ಮ, ಪುಸ್ತಕ ಪರಿಚಯ ಎಲ್ಲಾ ಇತ್ತು, ಬರೀ ವಿಜ್ಞಾನಕ್ಕೆ ಅಂತ ಬಂದಿದ್ದು ಇದೇ ಮೊದಲು. ಅದೇ ವರ್ಷ ಲಂಡನ್‌ನಲ್ಲಿ ಪ್ಲೇಗ್ ಬಂದು ಜನ ಊರು ಬಿಟ್ಟು ಹೋಗ್ತಿದ್ರು, ಇವನು ಊರು ಬಿಡಲಿಲ್ಲ, ಕಾಗದ ಬರೀತಾನೇ ಇದ್ದ.

ನನಗೆ ಎಲ್ಲಕ್ಕಿಂತ ಇಷ್ಟ ಆಗೋದು ಲೀವೆನ್‌ಹುಕ್‌ನ ವಿಷಯ. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ, ಯೂನಿವರ್ಸಿಟಿ ಮೆಟ್ಟಿಲು ಹತ್ತಿದವನಲ್ಲ, ಲ್ಯಾಟಿನ್ ಬರ್ತಿರ್ಲಿಲ್ಲ, ಇಂಗ್ಲಿಷೂ ಇಲ್ಲ, ಬರ್ತಿದ್ದಿದ್ದು ಡಚ್ ಮಾತ್ರ. ಲ್ಯಾಟಿನ್ ಬರದವನನ್ನ ಪಂಡಿತರು ಅಂತ ಯಾರೂ ಲೆಕ್ಕಕ್ಕೆ ತಗೊಳ್ಳದ ಕಾಲ ಅದು. 1673ರಲ್ಲಿ ಅದೇ ಊರಿನ ಡಾಕ್ಟರ್ ದೆ ಗ್ರಾಫ್ ಇವನ ಬಗ್ಗೆ ಓಲ್ಡನ್‌ಬರ್ಗ್‌ಗೆ ಪರಿಚಯದ ಕಾಗದ ಬರೆದ. ಓಲ್ಡನ್‌ಬರ್ಗ್‌ಗೆ ಡಚ್ ಬರ್ತಿತ್ತು, ಲೀವೆನ್‌ಹುಕ್ ಬರೆದಿದ್ದನ್ನ ತಾನೇ ಕೂತು ಇಂಗ್ಲಿಷಿಗೆ ಮಾಡಿ ಪ್ರಿಂಟ್ ಮಾಡಿದ, ಇನ್ನೂ ಬರಿ ಅಂದ. 1676ರಲ್ಲಿ ಈ ಲೀವೆನ್‌ಹುಕ್ ಕಾಳುಮೆಣಸು ಯಾಕೆ ಖಾರ ಅಂತ ನೋಡೋಕೆ ಮೆಣಸನ್ನ ನೀರಲ್ಲಿ ನೆನೆಹಾಕಿದ್ದ, ಕೆಲವು ವಾರ ಬಿಟ್ಟು ತಾನೇ ಉಜ್ಜಿ ಮಾಡಿದ ಪುಟ್ಟ ಲೆನ್ಸಲ್ಲಿ ಆ ನೀರಿನ ಹನಿ ನೋಡಿದ್ರೆ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಓಡಾಡ್ತಿವೆ! ಅಕ್ಟೋಬರ್‌ನಲ್ಲಿ ಉದ್ದದ ಕಾಗದ ಬರೆದ, ಓಲ್ಡನ್‌ಬರ್ಗ್ ಅದನ್ನ ಅನುವಾದ ಮಾಡಿ 1677ರಲ್ಲಿ ಪ್ರಕಟಿಸಿದ. ಬ್ಯಾಕ್ಟೀರಿಯಾ ಅಂತ ನಾವು ಈಗ ಕರೆಯೋದರ ಸುದ್ದಿ ಜಗತ್ತಿಗೆ ಗೊತ್ತಾಗಿದ್ದು ಹೀಗೆ.

ಸೊಸೈಟಿಯವರು ಸುಮ್ಮನೆ ನಂಬಲಿಲ್ಲ, ಅದೂ ಮುಖ್ಯ. ಯಾರದೇ ಮಾತನ್ನ ಹಾಗೇ ಒಪ್ಪಬೇಡ ಅನ್ನೋದೇ ಅವರ ಧ್ಯೇಯವಾಕ್ಯ. ಲೀವೆನ್‌ಹುಕ್ ತನ್ನೂರಿನ ಪಾದ್ರಿ, ನೋಟರಿ ಇಂಥವರನ್ನ ಕರೆಸಿ ತೋರಿಸಿ ಸಾಕ್ಷಿಪತ್ರ ಬರೆಸಿ ಕಳಿಸಿದ, ಕೊನೆಗೆ 1677ರ ನವೆಂಬರ್‌ನಲ್ಲಿ ಹುಕ್ ತಾನೇ ಮೆಣಸಿನ ನೀರು ಮಾಡಿ ನೋಡಿ ಎಲ್ಲರಿಗೂ ತೋರಿಸಿದ. ಅಷ್ಟೊತ್ತಿಗೆ ಓಲ್ಡನ್‌ಬರ್ಗ್ ತೀರಿಕೊಂಡು ಎರಡು ತಿಂಗಳಾಗಿತ್ತು, ಆ ಸಭೇಲಿ ಅವನು ಇರ್ಬೇಕಿತ್ತು ಅಂತ ನನಗೆ ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತೆ.

ಹಾಗಾದ್ರೆ ನ್ಯೂಟನ್? ಅಂತ ತಪ್ಪದೇ ಕೇಳ್ತಾರೆ. ನ್ಯೂಟನ್ 1672ರಲ್ಲಿ ಬೆಳಕು ಬಣ್ಣದ ಬಗ್ಗೆ ಮೊದಲ ಪ್ರಬಂಧ ಬರೆದಿದ್ದು ಓಲ್ಡನ್‌ಬರ್ಗ್‌ಗೆ ಕಾಗದದ ರೂಪದಲ್ಲೇ. ಅದಕ್ಕೆ ಹುಕ್, ಡಚ್ ವಿಜ್ಞಾನಿ ಹೈಗೆನ್ಸ್ ಎಲ್ಲಾ ಆಕ್ಷೇಪ ಎತ್ತಿದ್ರು, ನ್ಯೂಟನ್‌ಗೆ ಟೀಕೆ ಸಹಿಸೋ ಸ್ವಭಾವ ಇರ್ಲಿಲ್ಲ, 1673ರಲ್ಲಿ ಸೊಸೈಟಿಯಿಂದ ನನ್ನ ಹೆಸರು ತೆಗೀರಿ ಅಂತ ಬರೆದುಬಿಟ್ಟ. ಓಲ್ಡನ್‌ಬರ್ಗ್ ಸಮಾಧಾನ ಮಾಡಿದ, ಬೇಕಾದ್ರೆ ಮೆಂಬರ್‌ಶಿಪ್ ಫೀಸ್ ಮಾಫಿ ಮಾಡ್ಸೋಣ ಅಂದ, ನ್ಯೂಟನ್ ಸದಸ್ಯನಾಗೇ ಉಳಿದ. 1676ರಲ್ಲಿ ಜರ್ಮನಿಯ ಗಣಿತಜ್ಞ ಲೈಬ್ನಿಟ್ಸ್‌ಗೆ ಗಣಿತದ ಬಗ್ಗೆ ನ್ಯೂಟನ್ ಬರೆದ ಎರಡು ಪ್ರಸಿದ್ಧ ಕಾಗದಗಳೂ ಹೋಗಿದ್ದು ಇವನ ಕೈ ಮೂಲಕವೇ.

ಇದಕ್ಕೆಲ್ಲ ಅವನು ತೆತ್ತ ಬೆಲೆ ಕಮ್ಮಿ ಏನಲ್ಲ. ವಿದೇಶದ ಟಪಾಲು ಇಷ್ಟೊಂದು ಬರ್ತಿದ್ರೆ ಅನುಮಾನ ಬರದೇ ಇರುತ್ತಾ, ತನ್ನ ಹೆಸರಿನ ಅಕ್ಷರಗಳನ್ನೇ ತಿರುಗಾಮುರುಗಾ ಮಾಡಿ ಗ್ರುಬೆಂಡೊಲ್ ಅನ್ನೋ ಹೆಸರಿಗೆ ಕಾಗದ ತರಿಸ್ಕೊಳ್ತಿದ್ದ. 1667ರಲ್ಲಿ ಡಚ್ಚರ ಜೊತೆ ಯುದ್ಧ ನಡೀತಿದ್ದಾಗ ಹಿಡಿದು ಲಂಡನ್ ಟವರ್‌ಗೆ ಹಾಕಿದ್ರು, ಸುಮಾರು ಎರಡು ತಿಂಗಳು ಜೈಲು. ಹೊರಗೆ ಬಂದು ಮತ್ತೆ ಅದೇ ಕಾಗದ, ಅದೇ ಪತ್ರಿಕೆ.

ನಮ್ಮಲ್ಲೂ ಇಂಥ ಕೆಲಸ ಮಾಡಿದವರಿದ್ದಾರೆ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ಸೇರಿ 'ವಿಜ್ಞಾನ' ಅಂತ ಕನ್ನಡ ಪತ್ರಿಕೆ ತಂದ್ರು, ನಡೆದಿದ್ದು ಎರಡು ವರ್ಷ. ಅವರ ಹೆಸರೂ ವಿಜ್ಞಾನಿಗಳ ಪಟ್ಟಿಯಲ್ಲಿ ಎಲ್ಲೂ ಬರಲ್ಲ.

ಓಲ್ಡನ್‌ಬರ್ಗ್ 1677ರ ಸೆಪ್ಟೆಂಬರ್‌ನಲ್ಲಿ ಹೋದ ಮೇಲೆ ಸೆಕ್ರೆಟರಿ ಆದವನು ಹುಕ್, ಇಬ್ಬರಿಗೂ ಹುಕ್‌ನ ವಾಚ್ ಸ್ಪ್ರಿಂಗ್ ವಿಷಯಕ್ಕೆ ದೊಡ್ಡ ಜಗಳ ಆಗಿತ್ತು. ಹುಕ್‌ಗಿದ್ದ ಪ್ರತಿಭೆಯ ಬಗ್ಗೆ ಎರಡು ಮಾತಿಲ್ಲ, ಆದ್ರೂ ಸ್ವಲ್ಪ ದಿನದಲ್ಲೇ ಪತ್ರಿಕೆ ನಿಂತೇಹೋಯ್ತು, ಮತ್ತೆ ಶುರು ಆಗಿದ್ದು 1683ರಲ್ಲಿ. ಈಗಲೂ ಬರ್ತಾ ಇದೆ.