ಗದ್ದೆಯ ಮೇಲೆ ಲಂಗರು

ಹಾಸನದಿಂದ ಸುಮಾರು 20 ಕಿ.ಮೀ. ದೂರದ ಶೆಟ್ಟಿಹಳ್ಳಿಗೆ ಹೋಗುವವರಲ್ಲಿ ಹೆಚ್ಚಿನವರು, ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿಸಿದ, ಈಗ ಹೇಮಾವತಿಯ ಹಿನ್ನೀರಿನಲ್ಲಿ ಅರ್ಧ ಮುಳುಗಿ ನಿಲ್ಲುವ ಇಗರ್ಜಿಯ ಚಿತ್ರ ತೆಗೆದುಕೊಂಡು ಹಿಂದಿರುಗುತ್ತಾರೆ. ನಾನು ಅಕ್ಟೋಬರಿನಲ್ಲಿ ಎರಡು ದಿನ ಅಲ್ಲಿನ ನೀರಿನ ಮೇಲೆಯೇ, ಮೀನುಗಾರರೊಬ್ಬರ ಫೈಬರ್ ದೋಣಿಯಲ್ಲಿ ಸುತ್ತಾಡಿದೆ. ಮೊದಲ ದಿನದ್ದು ಬಿಸಿಲು, ಕೊಕ್ಕರೆ, ಮತ್ತೆ ಬಿಸಿಲು.

ಎರಡನೆಯ ಮಧ್ಯಾಹ್ನ ಪಡುವಣದಿಂದ ಹಿತವಾದ ಗಾಳಿಯಿತ್ತು. ಮೂಡಲಲ್ಲಿ ಮಾತ್ರ ಮೋಡ ಕಪ್ಪಾಗಿ ಏರತೊಡಗಿತ್ತು. ಇಗರ್ಜಿಯ ಮರೆಗೆ ಹೋಗೋಣವೆಂದೆ. ವರ್ಷವರ್ಷವೂ ನೆನೆದು ಒಣಗುವ, ಚಾವಣಿಯಿಲ್ಲದ ಗೋಡೆಯನ್ನು ನಂಬಲಾಗದು, ಮೇಲಾಗಿ ಅದರ ಅಂಚಿನಲ್ಲಿ ಗಾಳಿ ಸುಳಿಯಾಗಿ ತಿರುಗಿ ದೋಣಿಯನ್ನು ಕಲ್ಲಿಗೆ ಬಡಿಯುತ್ತದೆ ಎಂದು ಅವರು ಒಪ್ಪಲಿಲ್ಲ. ಪಡುವಣ ದಂಡೆಯನ್ನು ತೋರಿಸಿದೆ, ಅದೂ ಬೇಡವೆಂದರು.

“ಈಗಿನ ಗಾಳಿಗೆ ಮರೆ ಹುಡುಕಬೇಡಿ ಸ್ವಾಮಿ, ಬರೋ ಗಾಳಿಗೆ ಹುಡುಕಿ.”

ಗುಡುಗಿನ ಮೋಡ ಮೊದಲು ಸುತ್ತಲಿನ ಗಾಳಿಯನ್ನು ತನ್ನತ್ತ ಸೆಳೆಯುತ್ತದೆ. ಮಳೆ ಸುರಿದಾಗ ತಣ್ಣಗಾದ ಗಾಳಿ ಕೆಳಗಿಳಿದು, ಅದೇ ದಿಕ್ಕಿನಿಂದ ನಮ್ಮ ಮೇಲೆ ನುಗ್ಗುತ್ತದೆ. ಇದನ್ನು ಓದಿ ತಿಳಿದಿದ್ದ ನಾನು ದೋಣಿಯಲ್ಲಿ ಕುಳಿತು ಮರೆತಿದ್ದೆ. ಅವರು ಪೂರ್ವ ದಂಡೆಯಲ್ಲಿ, ಲಂಟಾನ ಬೆಳೆದ ಎರಡು ದಿಬ್ಬಗಳ ನಡುವೆ ನೀರು ಒಳಚಾಚಿದ್ದ ಪುಟ್ಟ ಕೊಲ್ಲಿಗೆ ಹುಟ್ಟು ಹಾಕಿದರು.

ಅಲ್ಲಿ ಆಳ ಮೂರು ಮೀಟರ್, ನಾನು ತಂದಿದ್ದ ಹಗ್ಗ ಹತ್ತೇ ಮೀಟರ್. ಲಂಗರಿನ ಹಗ್ಗ ಆಳದ ಐದು ಪಟ್ಟಾದರೂ ಇರಬೇಕು. ಗಿಡ್ಡದಾದರೆ ಎಳೆತ ಮೇಲ್ಮುಖವಾಗಿ ಲಂಗರು ಕಿತ್ತು ಬರುತ್ತದೆ. ಅವರು ತಮ್ಮ ಬಲೆಯ ಹಗ್ಗವನ್ನು ಕೂಡಿಸಿದರು. (ಬಾಡಿಗೆಗೆ ತಂದ ಜೀವರಕ್ಷಕ ಜಾಕೆಟಿನ ಬಕಲ್ ಒಡೆದಿದ್ದುದು ತಿಳಿದದ್ದೂ ಆಗಲೇ. ಅಂಗಡಿಯಲ್ಲೇ ತೊಟ್ಟು, ಬಿಗಿದು, ಜಗ್ಗಿ ನೋಡಿ ದುಡ್ಡು ಕೊಡಿ.)

ಲಂಗರು ಹಿಡಿಯುತ್ತದೆಯೇ ಎಂದೆ.

“ಹಿಡೀದೆ ಏನು? ಕೆಳಗಿರೋದು ನಮ್ಮಪ್ಪನ ಗದ್ದೆ.”

ಗೊರೂರಿನ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಾಗ ಅವರಿನ್ನೂ ಹುಡುಗ. ಬದು ಎಲ್ಲಿ, ಮನೆ ಎಲ್ಲಿತ್ತು ಎಂದು ನಾನು ಕೇಳುತ್ತಲೇ ಹೋದೆ; ಅವರು ಹುಟ್ಟಿನ ತುದಿಯಿಂದ ನೀರನ್ನು ಮುಟ್ಟಿ ಮುಟ್ಟಿ ತೋರಿಸುತ್ತಲೇ ಹೋದರು. ಇಲ್ಲಿ ಜಿಗುಟು ಮಣ್ಣು, ಲಂಗರಿಗೆ ಒಳ್ಳೆಯದು. ಅಲ್ಲಿ ಮಾವಿನ ಬೊಡ್ಡೆಗಳಿವೆ, ಸಿಕ್ಕಿಕೊಂಡರೆ ಹಗ್ಗ ಕೊಯ್ಯಬೇಕು. ಮನೆಯ ಪ್ರಶ್ನೆಗೆ ಮಾತ್ರ ಹುಟ್ಟು ನಡುನೀರಿನ ಕಡೆಗೆ ಚಾಚಿತು. ಅಲ್ಲಿಗೆ ಅದು ಮುಟ್ಟುವಂತಿರಲಿಲ್ಲ.

ಮಾತಿನ ನಡುವೆಯೇ ಗಾಳಿ ಸತ್ತು, ಮರುಕ್ಷಣ ಮೂಡಲಿನಿಂದ ಎರಗಿತು. ಹೊರಗಿನ ನೀರು ಬೆಳ್ಳಗೆ ನೊರೆಯೆದ್ದು, ನಾನು ಆರಿಸಿದ್ದ ಪಡುವಣ ದಂಡೆಗೆ ಅಪ್ಪಳಿಸುತ್ತಿತ್ತು. ನಮ್ಮ ದೋಣಿ ಹಗ್ಗವನ್ನೊಮ್ಮೆ ಬಿಗಿಯಾಗಿ ಎಳೆದು, ತಿರುಗಿ, ನಿಂತಿತು. ನಲವತ್ತು ನಿಮಿಷ ನೆನೆದೆವು, ಅಷ್ಟೇ.

ಎತ್ತಿದ ಲಂಗರಿನ ತುಂಬ ಕಪ್ಪು ಕೆಸರು. ಜಲಾಶಯ ಗರಿಷ್ಠ ಮಟ್ಟವಾದ 2922 ಅಡಿಯ ಸಮೀಪದಲ್ಲಿದ್ದುದರಿಂದ ಆಗ ಕಾಣುವಂಥದ್ದೇನೂ ಇರಲಿಲ್ಲ. ನೀರಿಳಿದಾಗ, ಏಪ್ರಿಲ್ ಹೊತ್ತಿಗೆ ಬನ್ನಿ, ಬದುವಿನ ಮೇಲೇ ನಡೆದುಕೊಂಡು ಹೋಗೋಣ ಎಂದು ಹೇಳಿ ಅವರು ಕೆಸರನ್ನು ತೊಳೆದು ದೋಣಿ ತಿರುಗಿಸಿದರು.