ಜರ್ಮನಿ ಬಿಯರ್ ಟ್ರಿಪ್: ಯಾವ ಊರಲ್ಲಿ ಯಾವ ಬಿಯರ್, ಜೊತೆಗೆ ಏನು ನೆಂಚ್ಕೊಳ್ಳೋದು

ಈ ಟ್ರಿಪ್‌ಗೆ ಮುಂಚೆ ನನ್ ಪ್ರಕಾರ ಬಿಯರಲ್ಲಿ ಇದ್ದಿದ್ದು ಎರಡೇ ಜಾತಿ, ಸ್ಟ್ರಾಂಗು ಮೈಲ್ಡು, ಸೈಡ್ಸಿಗೆ ಕಾಂಗ್ರೆಸ್ ಕಡ್ಲೆಬೀಜ, ಮುಗೀತು. 2024ರ ಮೇನಲ್ಲಿ ನಾನು, ಹೆಂಡ್ತಿ, ಫ್ರಾಂಕ್‌ಫರ್ಟಲ್ಲಿ ಕೆಲಸದಲ್ಲಿರೋ ಭಾವ ಮೂರೂ ಜನ ಸೇರಿ ಹತ್ತು ದಿನ ಸುತ್ತಿದ್ವಿ. ಹೆಂಡ್ತಿ ಪೂರ್ತಿ ವೆಜ್, ಹಂಗಾಗಿ ವೆಜ್‌ನವ್ರಿಗೂ ಉಪಯೋಗ ಆಗೋ ಹಂಗೆ ಬರೀತಿದೀನಿ.

ಮೊದ್ಲು ನಾವು ಮಾಡಿದ ತಪ್ಪು ಹೇಳ್ಬಿಡ್ತೀನಿ. ಕಲೋನ್, ಆಮೇಲೆ ಬಾಂಬೆರ್ಗ್, ಕೊನೇಗೆ ಮ್ಯೂನಿಕ್ ಅಂತ ಹೋದ್ವಿ. ಬಾಂಬೆರ್ಗಲ್ಲಿ ಸಿಗೋದು ಹೊಗೆ ಬಿಯರು, ಅದನ್ನ ಎರಡು ದಿನ ಕುಡಿದು ಮ್ಯೂನಿಕ್‌ಗೆ ಬಂದ್ರೆ ಅಲ್ಲಿನ ಹೆಲ್ಲೆಸ್ ಅನ್ನೋ ತಿಳಿ ಬಣ್ಣದ ಬಿಯರು ಒಂದು ದಿನ ಪೂರ್ತಿ ನೀರು ಕುಡಿದಂಗೆ ಅನ್ನಿಸ್ತು. ನೀವು ಕಲೋನ್, ಮ್ಯೂನಿಕ್, ಕೊನೇಗೆ ಬಾಂಬೆರ್ಗ್ ಅಂತ ಹಾಕ್ಕೊಳ್ಳಿ. ಊಟದಲ್ಲೂ ಸಪ್ಪೆದು ಮೊದ್ಲು ಖಾರ ಆಮೇಲೆ ಅಲ್ವಾ, ಅದೇ ಲೆಕ್ಕ.

ಕಲೋನಿನ ಬಿಯರ್ ಹೆಸರು ಕೋಲ್ಶ್. ತಿಳಿ ಬಂಗಾರದ ಬಣ್ಣ, ಹಗುರ, ಉದ್ದಕ್ಕೆ ಸಣ್ಣಗಿರೋ 200 ಎಂಎಲ್ ಗ್ಲಾಸಲ್ಲಿ ಬರುತ್ತೆ. ಇಷ್ಟೇನಾ ಅಂದ್ಕೋಬೇಡಿ, ಅಲ್ಲಿ ಸಪ್ಲೈಯರನ್ನ ಕ್ಯೋಬೆಸ್ ಅಂತಾರೆ, ನಿಮ್ ಗ್ಲಾಸ್ ಖಾಲಿ ಆದ ತಕ್ಷಣ ಕೇಳದೇನೇ ಇನ್ನೊಂದು ಇಟ್ಟು ಕೆಳಗಿರೋ ರಟ್ಟಿನ ಮೇಲೆ ಪೆನ್ಸಿಲಲ್ಲಿ ಒಂದು ಗೀಟು ಎಳೆದು ಹೋಗ್ತಾನೆ. ಮದುವೆ ಮನೇಲಿ ಬೇಡ ಬೇಡ ಅಂದ್ರೂ ಬಡಿಸ್ತಾರಲ್ಲ ಹಂಗೆ. ಸಾಕು ಅಂತ ಹೇಳೋಕೆ ಆ ರಟ್ಟನ್ನ ಗ್ಲಾಸ್ ಮೇಲೆ ಮುಚ್ಚಬೇಕು. ಇದು ಗೊತ್ತಿಲ್ದೆ ನಾನು ಕೈ ಸನ್ನೆ ಮಾಡ್ತಾ ಮಾಡ್ತಾ ಏಳು ಗೀಟು ಆಗಿತ್ತು. ಭಾವಂಗೆ ಗೊತ್ತಿತ್ತು, ಆದ್ರೂ ನಗ್ತಾ ಕೂತಿದ್ರು.

ನೆಂಚ್ಕೊಳ್ಳೋಕೆ ಅಲ್ಲಿ ಹಾಲ್ವೆ ಹಾನ್ ತಗೊಳ್ಳಿ. ಹೆಸರಿನ ಅರ್ಥ ಅರ್ಧ ಹುಂಜ, ಮೆನು ನೋಡಿ ಹೆಂಡ್ತಿ ಪೇಜ್ ತಿರುಗಿಸೇಬಿಟ್ಲು, ಆದ್ರೆ ಅದರಲ್ಲಿ ಕೋಳಿ ಹೆಸರೂ ಇಲ್ಲ, ರೈ ಬನ್ನು, ದಪ್ಪ ಚೀಸ್ ತುಂಡು, ಸಾಸಿವೆ ಪೇಸ್ಟು, ಹಸಿ ಈರುಳ್ಳಿ ಅಷ್ಟೇ. ಕೋಲ್ಶ್ ಹಗುರ ಅಲ್ವಾ, ಜಾಸ್ತಿ ಮಸಾಲೆ ಇರೋದು ಏನ್ ತಿಂದ್ರೂ ಅದು ಕಾಣೆಯಾಗುತ್ತೆ, ಈ ಚೀಸ್ ಈರುಳ್ಳಿ ಜೊತೆ ಮಾತ್ರ ಸರಿಯಾಗಿ ಕೂರುತ್ತೆ. ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಡುಸೆಲ್ಡಾರ್ಫಲ್ಲಿ ಆಲ್ಟ್ ಅಂತ ಕಂದು ಬಣ್ಣದ, ಸ್ವಲ್ಪ ಕಹಿ ಬಿಯರ್ ಇದೆ. ಕಲೋನಲ್ಲಿ ಕೂತು ಅದನ್ನ ಕೇಳೋಕೆ ಹೋಗ್ಬೇಡಿ, ಎರಡೂ ಊರಿಗೆ ಜನ್ಮದ ಜಗಳ.

ಮ್ಯೂನಿಕಲ್ಲಿ ಬೆಳಗ್ಗೆ ತಿಂಡಿಗೇ ಬಿಯರ್ ಶುರು, ನನಗೂ ಮೊದ್ಲು ಸಂಕೋಚ ಆಯ್ತು. ವೈಸ್‌ಬಿಯರ್ ಅಂದ್ರೆ ಗೋಧಿ ಬಿಯರು, ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು) ಜೊತೆ ಅರ್ಧಕ್ಕಿಂತ ಕಮ್ಮಿ ಇಲ್ಲದಂಗೆ ಗೋಧಿ ಮಾಲ್ಟ್ ಇರುತ್ತೆ, ಕುಡಿದ್ರೆ ಬಾಳೆಹಣ್ಣು ಲವಂಗದ ಘಮ. ಅದನ್ನೇನೂ ಹಾಕಿರಲ್ಲ, ಯೀಸ್ಟ್ ಮಾಡೋ ಕೆಲಸ ಅದು. ನಮ್ ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಹೆಫೆವೈಜನ್ ಅಂತ ಸಿಗುತ್ತಲ್ಲ, ಅದೇ. ಅಲ್ಲಿನವರು ಇದಕ್ಕೆ ವೈಸ್‌ವುರ್ಸ್ಟ್ ಅಂತ ಬಿಳಿ ಸಾಸೇಜು, ಸಿಹಿ ಸಾಸಿವೆ, ಪ್ರೆಟ್ಜೆಲ್ ತಿಂತಾರೆ, ಮಧ್ಯಾಹ್ನ ಹನ್ನೆರಡರ ಒಳಗೇ ತಿನ್ನೋದು ವಾಡಿಕೆ. ಅದರಲ್ಲಿ ಕರುವಿನ ಮಾಂಸ ಇರುತ್ತೆ, ಬೇಡ ಅನ್ನೋರು ಮೊದ್ಲೇ ತಿಳ್ಕೊಂಡಿರಿ. ವೆಜ್‌ನವ್ರಿಗೆ ಓಬಾಟ್ಸ್ಡ, ಚೀಸು ಬೆಣ್ಣೆ ಈರುಳ್ಳಿ ಪಾಪ್ರಿಕಾ ಕಲೆಸಿದ್ದು, ಪ್ರೆಟ್ಜೆಲ್‌ಗೆ ಹಚ್ಕೊಂಡು ತಿಂದ್ರೆ ಬೇರೇನೂ ಬೇಡ. ಉಪ್ಪು ಹಚ್ಚಿದ ಮೂಲಂಗಿನೂ ಸಿಗುತ್ತೆ, ಅದು ಹೆಲ್ಲೆಸ್ ಜೊತೆ ಚೆನ್ನಾಗಿರುತ್ತೆ. ಒಂದು ಕಡೆ ಟೇಬಲ್ ಮೇಲೆ ಬುಟ್ಟೀಲಿ ಪ್ರೆಟ್ಜೆಲ್ ಇತ್ತು, ಫ್ರೀ ಅಂದ್ಕೊಂಡು ಮೂರು ತಿಂದ್ವಿ, ಬಿಲ್ಲಲ್ಲಿ ಎಣಿಸಿ ಹಾಕಿದ್ರು. ನೀವು ಕೇಳಿ ತಿನ್ನಿ.

ನನಗೆ ಅತಿ ಇಷ್ಟ ಆಗಿದ್ದು ಅಲ್ಲಿನ ಬಿಯರ್ ಗಾರ್ಡನ್ ಪದ್ಧತಿ. 1812ರಲ್ಲಿ ಬವೇರಿಯಾ ರಾಜ, ಬ್ರೂವರಿಯವರು ತಮ್ಮ ಬಿಯರ್ ಇಡೋ ನೆಲಮಾಳಿಗೆ ಹತ್ರ ಬಿಯರ್ ಮಾರಬಹುದು ಆದ್ರೆ ಬ್ರೆಡ್ ಬಿಟ್ಟು ಊಟ ಮಾರೋ ಹಂಗಿಲ್ಲ ಅಂದಿದ್ದನಂತೆ, ಜನ ಮನೆಯಿಂದ ಬುತ್ತಿ ತರೋಕೆ ಶುರು ಮಾಡಿದ್ರು, ಈಗ್ಲೂ ಬಟ್ಟೆ ಹಾಸದ ಟೇಬಲಲ್ಲಿ ಕೂತ್ರೆ ನಿಮ್ಮ ತಿಂಡಿ ನೀವು ತಿನ್ನಬಹುದು, ಬಿಯರ್ ಮಾತ್ರ ಅಲ್ಲೇ ಕೊಳ್ಳಬೇಕು. ಅಮ್ಮ ಕಳಿಸಿದ್ದ ಕೋಡುಬಳೆ, ಚಕ್ಕುಲಿ, ಚಟ್ನಿಪುಡಿ ಎಲ್ಲ ಹರಡ್ಕೊಂಡು ಕೂತ್ವಿ. ಇಲ್ಲೊಂದು ವಿಷ್ಯ ತಿಳೀತು, ಕಹಿ ಇರೋ ಬಿಯರ್ ಜೊತೆ ಖಾರ ತಿಂದ್ರೆ ನಾಲಿಗೆ ಉರಿ ಇನ್ನೂ ಏರುತ್ತೆ, ಗೋಧಿ ಬಿಯರ್ ಜೊತೆ ಆ ತೊಂದ್ರೆ ಇಲ್ಲ. ಚಟ್ನಿಪುಡಿಗೆ ವೈಸ್‌ಬಿಯರ್, ಕೋಡುಬಳೆಗೆ ಹೆಲ್ಲೆಸ್, ಇದು ನನ್ ತೀರ್ಮಾನ. ಮಾಸ್ ಅಂದ್ರೆ ಒಂದು ಲೀಟರ್, ಮಗ್ಗಿಗೆ ಡೆಪಾಸಿಟ್ ಹಿಡೀತಾರೆ, ವಾಪಸ್ ಕೊಟ್ಟು ಇಸ್ಕೊಳ್ಳಿ. ಸ್ಟಾಮ್‌ಟಿಶ್ ಅಂತ ಬೋರ್ಡ್ ಇರೋ ಟೇಬಲಲ್ಲಿ ಕೂರಬೇಡಿ, ಅದು ದಿನಾ ಬರೋರಿಗೆ.

ಒಂದು ದಿನ ಇದ್ರೆ ಎಸ್8 ಟ್ರೇನಲ್ಲಿ ಹೆರ್ಶಿಂಗ್‌ಗೆ ಹೋಗಿ, ಅಲ್ಲಿಂದ ಕಾಡಲ್ಲಿ ಸುಮಾರು ಒಂದು ಗಂಟೆ ನಡೆದ್ರೆ ಆಂಡೆಕ್ಸ್ ಮಠ. ಅಲ್ಲಿನ ಡಾಪ್ಪೆಲ್‌ಬಾಕ್ ಅನ್ನೋ ಸ್ಟ್ರಾಂಗ್ ಬಿಯರ್ ಕಪ್ಪಗೆ, ಸಿಹಿಯಾಗಿ, ಆಲ್ಕೋಹಾಲ್ 7 ಪರ್ಸೆಂಟ್ ಮೇಲೆ ಇರುತ್ತೆ, ಹೊಟ್ಟೆ ತುಂಬಾ ತಿಂದು ಒಂದೇ ಕುಡೀರಿ, ಇಳಿಯೋ ದಾರಿ ಇನ್ನೂ ಇದೆ.

ಈಗ ಬಾಂಬೆರ್ಗ್. 1993ರಿಂದ ಯುನೆಸ್ಕೋ ಪಟ್ಟೀಲಿರೋ ಹಳೇ ಊರು. ಇಲ್ಲಿನ ಶ್ಲೆಂಕರ್ಲಾ ಅನ್ನೋ ಬ್ರೂವರೀಲಿ ಮಾಲ್ಟನ್ನ ಬೀಚ್ ಮರದ ಸೌದೆ ಹೊಗೇಲಿ ಒಣಗಿಸ್ತಾರೆ, ಬಿಯರನ್ನ ಮರದ ಪೀಪಾಯಿಂದಾನೇ ಬಗ್ಗಿಸ್ತಾರೆ. ಮೊದಲನೇ ಗುಟುಕಿಗೆ ಸೌದೆ ಒಲೆ ಮುಂದೆ ಕೂತಂಗಾಯ್ತು, ಹೆಂಡ್ತಿ ಮುಖ ಕಿವಿಚಿ ನನ್ ಕಡೆ ತಳ್ಳಿದ್ಲು. ಅಲ್ಲೇ ಬಿಡಬೇಡಿ, ಎರಡನೇ ಗ್ಲಾಸಿನ ಅರ್ಧಕ್ಕೆ ಬರೋ ಹೊತ್ತಿಗೆ ಹೊಗೆ ಹಿಂದೆ ಸರಿದು ಮಾಲ್ಟಿನ ಸಿಹಿ ಮುಂದೆ ಬರುತ್ತೆ. ಭಾವ ಕೈಮಾ ತುಂಬಿ ಬೇಯಿಸಿದ ಇಡೀ ಈರುಳ್ಳಿ ತಗೊಂಡ್ರು, ಅದು ಈ ಬಿಯರಿಗೆ ಹೇಳಿ ಮಾಡಿಸಿದ್ದು. ವೆಜ್‌ನವ್ರು ಬ್ರೆಡ್ಡು, ಗಟ್ಟಿ ಚೀಸು. ಹೊಗೆ ತೀರಾ ಆಗಲ್ಲ ಅನ್ನೋರು ಸ್ಪೆಜಿಯಾಲ್ ಅನ್ನೋ ಇನ್ನೊಂದು ಬ್ರೂವರಿಗೆ ಹೋಗಿ, ಅಲ್ಲಿ ಸ್ವಲ್ಪ ಮೆತ್ತಗೆ.

ಓಡಾಟಕ್ಕೆ ಡಾಯ್ಚ್‌ಲಾಂಡ್ ಟಿಕೆಟ್ ತಗೊಂಡ್ವಿ, ಆಗ ತಿಂಗಳಿಗೆ 49 ಯೂರೋ, 2025ಕ್ಕೆ 58 ಆಯ್ತು, ಹೊರಡೋ ಮುಂಚೆ ಈಗಿನ ರೇಟ್ ನೋಡ್ಕೊಳ್ಳಿ. ಲೋಕಲ್, ರೀಜನಲ್ ಟ್ರೇನಿಗೆ ಮಾತ್ರ, ಐಸಿಇ ಅನ್ನೋ ಫಾಸ್ಟ್ ಟ್ರೇನಿಗೆ ನಡೆಯಲ್ಲ, ಸಬ್‌ಸ್ಕ್ರಿಪ್ಷನ್ ಆದ್ರಿಂದ 10ನೇ ತಾರೀಕಿನ ಒಳಗೆ ಕ್ಯಾನ್ಸಲ್ ಮಾಡದಿದ್ರೆ ಮುಂದಿನ ತಿಂಗಳದೂ ಕಟ್ ಆಗುತ್ತೆ. ಜೇಬಲ್ಲಿ ಕ್ಯಾಶ್ ಇರಲಿ, ಎಲ್ಲ ಕಡೆ ಕಾರ್ಡ್ ತಗೊಳಲ್ಲ.

ವಾಪಸ್ ಬರುವಾಗ ಇಂಡಿಯಾಗೆ ಒಬ್ಬರಿಗೆ ಎರಡು ಲೀಟರ್ ಮದ್ಯ ಡ್ಯೂಟಿ ಇಲ್ಲದೆ ತರಬಹುದು, ಅಂದ್ರೆ ನಾಲ್ಕು ಅರ್ಧ ಲೀಟರ್ ಬಾಟಲು, ಬಟ್ಟೇಲಿ ಸುತ್ತಿ ಚೆಕ್ ಇನ್ ಬ್ಯಾಗಿಗೇ ಹಾಕಿ. ನಾನು ನಾಲ್ಕೂ ಹೊಗೆ ಬಿಯರೇ ತಂದೆ. ಮನೇಲಿ ಒಂದು ಭಾನುವಾರ ಹೆಂಡ್ತಿ ಅಕ್ಕಿ ರೊಟ್ಟಿಗೆ ಸುಟ್ಟ ಬದನೆಕಾಯಿ ಗೊಜ್ಜು ಮಾಡಿದ್ಲು, ಸುಮ್ನೆ ಒಂದು ಬಾಟಲ್ ತೆಗೆದೆ, ಬದನೆಕಾಯಿ ಹೊಗೆ ಬಿಯರ್ ಹೊಗೆ ಒಂದಕ್ಕೊಂದು ಎಂಥಾ ಜೋಡಿ ಅಂದ್ರೆ, ಬಾಂಬೆರ್ಗಲ್ಲಿ ಗ್ಲಾಸ್ ತಳ್ಳಿದ್ದ ಹೆಂಡ್ತಿನೇ ಉಳಿದ ಮೂರನ್ನ ಫ್ರಿಜ್ಜಲ್ಲಿ ಹಿಂದಕ್ಕೆ ಬಚ್ಚಿಟ್ಟಿದಾಳೆ.