ಅಮ್ಮನ ಹರಕೆ, 575 ಮೆಟ್ಟಿಲು

ಹರಕೆ ಹೊತ್ತವಳು ಅಮ್ಮ, ತೀರಿಸಬೇಕಾಗಿ ಬಂದದ್ದು ನಾನು. ನಮ್ಮ ಗಂಗಾವತಿ ಮನೆಯಲ್ಲಿ ಅಜ್ಜಿಗೆ ಅಮ್ಮ, ತಾಯಿಗೆ ಅವ್ವ. ನನಗೆ ಕರಾಟೆಯಲ್ಲಿ ಬ್ಲ್ಯಾಕ್ ಬೆಲ್ಟ್ ಬಂದರೆ ಅಂಜನಾದ್ರಿಯ 575 ಮೆಟ್ಟಿಲಿಗೂ ಅರಿಶಿಣ ಕುಂಕುಮ ಹಚ್ಚುತ್ತೇನೆ ಎಂದು ಅಮ್ಮ ಹನುಮಪ್ಪನಿಗೆ ಮಾತು ಕೊಟ್ಟಿದ್ದಳು. ಬೆಲ್ಟ್ ಬಂತು. ಅಷ್ಟೊತ್ತಿಗೆ ಅವಳ ಮೊಣಕಾಲು ಕೈಕೊಟ್ಟಿದ್ದವು. ಈ ವರ್ಷ, ಬರೋ ವರ್ಷ ಅನ್ನುತ್ತ ಅನ್ನುತ್ತ ಹೋದ ವರ್ಷದ ಕಾರ್ತಿಕದಲ್ಲಿ ಅವಳೇ ಹೊರಟುಬಿಟ್ಟಳು.

ವರ್ಷಾಂತಿಕ ಮುಗಿಯುವ ತನಕ ಬೆಟ್ಟ ಹತ್ತಬೇಡ ಅಂದರು ಹಿರಿಯರು. ಮುಗಿಸಿಕೊಂಡು ಈ ಮಾರ್ಗಶಿರದ ಒಂದು ಶನಿವಾರ ನಸುಕಿನಲ್ಲಿ ಆನೆಗೊಂದಿ ದಾರಿ ಹಿಡಿದೆ. ಹನುಮಮಾಲೆ ವಿಸರ್ಜನೆಯ ದಿನ ಬೇಕೆಂದೇ ಬಿಟ್ಟೆ. ಅವತ್ತು ಮೆಟ್ಟಿಲೇ ಕಾಣುವುದಿಲ್ಲ, ಕೇಸರಿ ಬಟ್ಟೆ ಅಷ್ಟೇ ಕಾಣುತ್ತದೆ. ಅಲ್ಲಿ ಬಗ್ಗಿ ಕುಂಕುಮ ಹಚ್ಚಲು ಹೋದರೆ ನನ್ನ ಬೆನ್ನ ಮೇಲೆಯೇ ಜನ ಹತ್ತುತ್ತಿದ್ದರು.

ಅಮ್ಮನಿಗೆ ಕರಾಟೆಯ ಹುಚ್ಚು ಯಾಕೆ ಹತ್ತಿತು ಎಂದು ಎಲ್ಲರೂ ಕೇಳುತ್ತಿದ್ದರು. ಅವಳ ಅಪ್ಪ ಊರಿನ ಪೈಲ್ವಾನ. ಗರಡಿಮನೆಯ ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿಣ, ನಿಂಬೆರಸ ಸೇರಿಸಿ ಹದ ಮಾಡುವುದನ್ನು ಇವಳು ವಾಸನೆಯಿಂದಲೇ ಬಲ್ಲಳು, ಕಣ್ಣಿಂದಲ್ಲ. ಹೆಣ್ಣುಮಕ್ಕಳಿಗೆ ಒಳಗೆ ಪ್ರವೇಶವಿರಲಿಲ್ಲ. ಆ ಗಿಡ್ಡ ಬಾಗಿಲ ಹೊರಗೆ ಹಾಲಿನ ತಂಬಿಗೆ ಹಿಡಿದು ನಿಲ್ಲುವುದು, ಒಳಗಿನ ಧಪ್ ಧಪ್ ಸದ್ದು ಕೇಳುವುದು, ತಂಬಿಗೆ ಖಾಲಿಯಾದರೆ ಮನೆಗೆ ಬರುವುದು. ಅವಳ ಕುಸ್ತಿ ಅಷ್ಟೇ.

ನನ್ನನ್ನು ಕರಾಟೆಗೆ ಸೇರಿಸಿದ ದಿನ ಹಾಲ್‌ನ ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಂತಳು. "ಒಳಗ ಬರ್ರಿ ಅಮ್ಮಾರ" ಅಂದರು ಮಾಸ್ತರು. "ನಾನs?" ಅಂದಳು. ಒಳಗೆ ಬಂದವಳು ಮ್ಯಾಟ್ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಾವು ಬಗ್ಗಿ ನಮಸ್ಕಾರ ಮಾಡಿದ್ದನ್ನು ನೋಡಿ, "ಮಣ್ಣಿಲ್ಲ ಖರೆ, ನಮಸ್ಕಾರ ಅದs ಐತಿ" ಅಂದಳು. ಒಕಿನಾವಾದಲ್ಲಿ ಹುಟ್ಟಿದ ವಿದ್ಯೆ, ಬರಿಗೈ ಎಂದೇ ಅದರ ಹೆಸರಿನ ಅರ್ಥ ಎಂದು ನಾನು ಹೇಳಿದ್ದು ಅವಳ ಕಿವಿಗೆ ಬಿತ್ತೋ ಇಲ್ಲವೋ. ಅವಳ ಲೆಕ್ಕದಲ್ಲಿ ಅದೂ ಹನುಮಪ್ಪನದೇ.

ನನ್ನ ಡ್ರೆಸ್ಸಿಗೆ ಗಂಜಿ ಹಾಕುವ ಕೆಲಸ ಅವಳದು. ಬಟ್ಟೆ ಖಡಕ್ ಇದ್ದರೆ ಗುದ್ದು ಬೀಸಿದಾಗ ತೋಳು 'ಫಟ್' ಅನ್ನುತ್ತದೆ. ಇದನ್ನು ಅವಳೇ ಕಂಡುಹಿಡಿದಳು, ಮೂಲೆಯ ಕುರ್ಚಿಯಲ್ಲಿ ಕೂತು. ನಮ್ಮ ಸೋನಾ ಮಸೂರಿ ಅನ್ನ ಬಸಿದ ಗಂಜಿಗೆ ತುಸು ನೀಲಿ ಬೆರೆಸಿ, ಅದ್ದಿ, ಹಿಂಡದೆ ಒಣಹಾಕುವಳು. ಕೊರಳಪಟ್ಟಿ ಉಜ್ಜಿ ಕುತ್ತಿಗೆ ಕೆಂಪಾಗುತ್ತಿತ್ತು. "ಉರಿತೈತಿ ಅಮ್ಮಾ" ಅಂದರೆ, "ಸಪ್ಪಳ ಬಂತಿಲ್ಲೋ?" ಅನ್ನುವಳು.

ಒಮ್ಮೆ ಒಂದು ಸ್ಪರ್ಧೆಯಲ್ಲಿ ದವಡೆಗೆ ಬಲವಾಗಿ ಬಿತ್ತು. ಮುಖಕ್ಕೆ ಗುದ್ದು ಹತೋಟಿಯಲ್ಲಿರಬೇಕು, ಜೋರಾಗಿ ತಾಗಿದರೆ ಹೊಡೆದವರಿಗೇ ದಂಡ. ಎದುರಿನ ಹುಡುಗಿಗೆ ಎಚ್ಚರಿಕೆ ಕೊಟ್ಟರು. ಅಮ್ಮನಿಗೆ ಇದು ಒಪ್ಪಿಗೆಯಾಗಲಿಲ್ಲ. "ಹೊಡಿಯೂ ಆಟದಾಗ ಹೊಡದ್ರ ತಪ್ಪೇನ್ರಿ?" ಎಂದು ಮಾಸ್ತರನ್ನೇ ಕೇಳಿದಳು. ಅಳುತ್ತಿದ್ದ ನನಗೆ ನೀರು ಕೊಟ್ಟು, "ಅವಗೂ ಇಂದ್ರ ದವಡಿಗೆ ಹೊಡದ ಮ್ಯಾಲನ ಹನುಮಂತ ಅಂತ ಹೆಸರು ಬಂತು. ನಿಂದೇನ್ ಮಹಾ? ಬಾಯಿ ಮುಕ್ಕಳಸು." ಹನು ಅಂದರೆ ದವಡೆ ಎಂದು ನನಗೆ ಗೊತ್ತಾದದ್ದು ಆವತ್ತು, ರಕ್ತ ಉಗುಳುತ್ತ.

ಹನುಮಂತನಿಗೆ ಅವನ ಶಕ್ತಿ ನೆನಪಿಸಿದ ಜಾಂಬವಂತನಂತೆ ಅಜ್ಜಿ ಇದ್ದಳು ಎಂದು ಬರೆಯಬಹುದಿತ್ತು. ಸುಳ್ಳಾಗುತ್ತದೆ. ನೀನು ಗಟ್ಟಿ ಎಂದು ಅವಳು ಒಮ್ಮೆಯೂ ಹೇಳಲಿಲ್ಲ. ಕೇಳಿದ್ದೆಲ್ಲ "ಶೇಂಗಾ ಉಂಡಿ ತಿಂದೇನು?" ಅಂತಲೇ. ಅವಳಿಗೆ ಇಷ್ಟವಾದ ಮಾತು ಬೇರೆ ಇತ್ತು. ಆನೆಗೊಂದಿ ರಸ್ತೆಯಲ್ಲಿ ಬೆಟ್ಟ ಕಂಡಾಗಲೆಲ್ಲ ಕೈಮುಗಿದು ಹೇಳುವಳು: "ಗುಡಿ ಅವಂದು. ಗುಡ್ಡಕ್ಕ ಮಾತ್ರ ಅವರವ್ವನ ಹೆಸರೈತಿ ನೋಡು."

ಮೊದಲ ನೂರು ಮೆಟ್ಟಿಲು ಭಕ್ತಿಯಲ್ಲೇ ಹೋದವು. ಬಗ್ಗು, ಅರಿಶಿಣ, ಕುಂಕುಮ, ಏಳು. ಇನ್ನೂರು ದಾಟಿದಾಗ ತೊಡೆ ಮಾತಾಡತೊಡಗಿತು. ಆಗ ಹೊಳೆಯಿತು, ಇದು ಪೂಜೆಯಲ್ಲ, ಬಸ್ಕಿ! ಪೈಲ್ವಾನನ ಮಗಳು ತಾನು ಹೊಡೆಯಬೇಕೆಂದಿದ್ದ ಬಸ್ಕಿ. ಆ ಮೊಣಕಾಲಿನಲ್ಲಿ ಇದನ್ನು ಹೇಗೆ ಮಾಡುತ್ತಿದ್ದಳೋ. ಮಾಡಿಯೇ ತೀರುತ್ತಿದ್ದಳು ಅನ್ನಿ.

ನಾನೂರರ ಆಸುಪಾಸು ಒಂದು ಮಂಗ ಬಂದು ಅರಿಶಿಣದ ಪಾಕೀಟನ್ನೇ ಕಸಿಯಿತು. ಕಡ್ಡಿ ಅಲ್ಲಾಡಿಸುವಷ್ಟರಲ್ಲಿ ಬಂಡೆ ಏರಿ, ಕಚ್ಚಿ ಹರಿದು, ಬಾಯಿತುಂಬ ಪುಡಿ ತುಂಬಿಕೊಂಡು ಥೂ ಥೂ ಎಂದು ಉಗುಳಿತು. ಮುಖವೆಲ್ಲ ಹಳದಿ, ಮದುಮಗನ ಹಾಗೆ. ಪಕ್ಕದವರು ನಕ್ಕರು, ನನಗೆ ಮೊದಲು ಅಳು ಬಂತು. ಹರಕೆ ಮುರಿಯಿತಲ್ಲ. ಆಮೇಲೆ ಅಮ್ಮ ಇದ್ದಿದ್ದರೆ ಏನನ್ನುತ್ತಿದ್ದಳು ಎಂದು ನೆನೆದೆ. "ಕೊಡೂದು ಅವಗs, ಕೈಯಾಗ ಇಸ್ಗೊಂಡ, ಬಿಡು." ಉಳಿದ ಮೆಟ್ಟಿಲಿಗೆ ಬರೀ ಕುಂಕುಮ ಹಚ್ಚಿದೆ.

ಮೇಲೆ ಸಿಂಧೂರದ ಹನುಮಪ್ಪನ ಮುಂದೆ ನಿಂತಾಗ ಬೇಡಲು ಏನೂ ಇರಲಿಲ್ಲ. ತಂದ ಬೆಲ್ಟನ್ನು ಚೀಲದಿಂದ ತೆಗೆಯಲೂ ಇಲ್ಲ. ಹೊರಗೆ ಬಂದು ಕೂತೆ. ಕೆಳಗೆ ತುಂಗಭದ್ರೆ, ಭತ್ತದ ಗದ್ದೆ, ನದಿಯಾಚೆ ಹಂಪಿಯ ಬಂಡೆಗಳು.

ಇಳಿಯುವಾಗ ಕಾಲು ನಡುಗುತ್ತಿತ್ತು. ಬಿಸಿಲೇರಿತ್ತು, ಜನ ಹೆಚ್ಚಾಗಿದ್ದರು. ಕೆಳಗಿನ ಮೆಟ್ಟಿಲುಗಳಲ್ಲಿ ನನ್ನ ಅರಿಶಿಣ ಆಗಲೇ ಅಳಿಸಿಹೋಗಿತ್ತು. ಮುಂದೆ ಅಜ್ಜಿಯೊಬ್ಬಳ ಕೈಹಿಡಿದು ಪುಟ್ಟ ಹುಡುಗಿಯೊಂದು ಮೆಟ್ಟಿಲು ಎಣಿಸುತ್ತ ಇಳಿಯುತ್ತಿತ್ತು. ಹೆಜ್ಜೆ ಎತ್ತಿದಾಗಲೆಲ್ಲ ಅದರ ಅಂಗಾಲು ಹಳದಿ ಕಾಣುತ್ತಿತ್ತು.